ಒಪಿನೆಲ್ ನಂ. 8: ಅಪರಿಚಿತರ ಕೈಗೂ ಕೊಡಬಹುದಾದ ಚಾಕು

ಅಡುಗೆಮನೆಯ ಈಳಿಗೆಮಣೆಗೆ ನಮ್ಮಲ್ಲಿ ಮರ್ಯಾದೆ ಇದೆ, ತೋಟದ ಕತ್ತಿಗಿದೆ, ಎಲೆಯಡಿಕೆ ಚಂಚಿಯೊಳಗಿನ ಅಡಕತ್ತರಿಗೂ ಇದೆ. ಜೇಬಿನಿಂದ ಹೊರಬರುವ ಚಾಕುವಿಗೆ ಮಾತ್ರ ಇಲ್ಲ. ಅದನ್ನು ಕಂಡ ಕೂಡಲೇ ಪತ್ರಿಕೆಯ ಅಪರಾಧ ಪುಟ ನೆನಪಾಗುತ್ತದೆ. ಪಕ್ಕದಲ್ಲಿ ಕೂತವರು ಕಪ್ಪು ಹಿಡಿಯ ಚಾಕುವನ್ನು ಒಂದೇ ಕೈಯಲ್ಲಿ ಟಕ್ಕೆಂದು ಬಿಚ್ಚಿದರೆ ಯಾರಾದರೂ ಸ್ವಲ್ಪ ಸರಿದೇ ಕೂರುತ್ತಾರೆ. ಅದೇ ಜಾಗದಲ್ಲಿ ಮರದ ಹಿಡಿಯ ಒಪಿನೆಲ್ ಅನ್ನು ಎರಡೂ ಕೈಯಿಂದ ನಿಧಾನವಾಗಿ ಬಿಡಿಸಿ ಸೀಬೆಹಣ್ಣು ಹೆಚ್ಚಿ ನೋಡಿ, "ಇದೇನ್ ಸಾರ್, ಉಂಗುರ ಯಾಕೆ?" ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಈ ಚಾಕುವಿಗೆ ಕೊಡುವ ದುಡ್ಡಿನಲ್ಲಿ ಅರ್ಧ ಅದರ ಹರಿತಕ್ಕಾದರೆ ಇನ್ನರ್ಧ ಈ ಪ್ರಶ್ನೆಗೆ.

ಫ್ರಾನ್ಸಿನ ಸವಾಯ್ ಎಂಬ ಬೆಟ್ಟದ ಸೀಮೆಯಲ್ಲಿ, ಕತ್ತಿ ಕೊಡಲಿ ಮಾಡುತ್ತಿದ್ದ ಮನೆತನದ ಜೋಸೆಫ್ ಒಪಿನೆಲ್ 1890ರಲ್ಲಿ ಇದನ್ನು ರೂಪಿಸಿದಾಗ ಆತನಿಗೆ ಹದಿನೆಂಟು ವರ್ಷ. 1897ರಲ್ಲಿ 1ರಿಂದ 12ರವರೆಗೆ ಹನ್ನೆರಡು ಅಳತೆಗಳು ಬಂದವು. (ಕೆಂಪು ಹಿಡಿಯ ಸ್ವಿಸ್ ಚಾಕುವಿನ ಮೂಲ ಮಾದರಿ ನೋಂದಣಿಯಾದದ್ದೂ ಅದೇ ವರ್ಷ. ಜೇಬಿಗೆ ಒಳ್ಳೆಯ ವರ್ಷವೇ ಇರಬೇಕು.) ಅಲಗಿನ ಮೇಲಿರುವ ಕಿರೀಟ ಹೊತ್ತ ಕೈಯ ಗುರುತಿನಲ್ಲಿ ಕೈ ಸ್ಯಾಂ ಜಾನ್ ದ ಮೊರಿಯೆನ್ ಊರಿನ ಲಾಂಛನದ್ದು, ಕಿರೀಟ ಹಿಂದಿನ ಸವಾಯ್ ಸಂಸ್ಥಾನದ್ದು. ನೋಡಿದವರು ಮೊದಲು ಕೇಳುವುದು ಉಂಗುರದ ಬಗ್ಗೆ, ಆಮೇಲೆ ಈ ಕೈಯ ಬಗ್ಗೆ. ಎರಡಕ್ಕೂ ಉತ್ತರ ಗೊತ್ತಿರಲಿ.

ನಂ. 8ರ ಅಲಗು 8.5 ಸೆಂ.ಮೀ. ಮಡಚಿದರೆ ಸುಮಾರು 11 ಸೆಂ.ಮೀ., ತೂಕ 50 ಗ್ರಾಮಿನ ಆಸುಪಾಸು. ಇರುವುದು ಐದೇ ಭಾಗ: ಅಲಗು, ಮರದ ಹಿಡಿ, ಅಲಗನ್ನು ಹಿಡಿದಿಡುವ ಮೊಳೆ, ಹಿಡಿಯ ಕುತ್ತಿಗೆಗೆ ಕೂತಿರುವ ಲೋಹದ ಪಟ್ಟಿ, ಆ ಪಟ್ಟಿಯ ಮೇಲೆ ತಿರುಗುವ ಉಂಗುರ. ಸ್ಪ್ರಿಂಗ್ ಇಲ್ಲ, ಸ್ಕ್ರೂ ಇಲ್ಲ. ಉಂಗುರದ ಸೀಳನ್ನು ಹಿಡಿಯ ಸೀಳಿಗೆ ಸರಿಹೊಂದಿಸಿದರೆ ಅಲಗು ಮಡಚುತ್ತದೆ. ಉಂಗುರ ಪಕ್ಕಕ್ಕೆ ತಿರುಗಿಸಿದರೆ ಅಲಗಿನ ಬುಡಕ್ಕೆ ಅಡ್ಡ ನಿಂತು ಮಡಚಲು ಬಿಡುವುದಿಲ್ಲ. 1955ರಲ್ಲಿ ಈ ಉಂಗುರ ಬಂತು, 2000ದಿಂದ ಮಡಚಿದ ಸ್ಥಿತಿಯಲ್ಲೂ ಬೀಗ ಹಾಕುತ್ತದೆ. ಅಂದರೆ ಜೇಬಿನಲ್ಲಿ ತಾನಾಗಿ ತೆರೆದುಕೊಳ್ಳುವ ಭಯವಿಲ್ಲ, ಹಾಕಲು ನೆನಪಿದ್ದರೆ. ಉಂಗುರ ಎಷ್ಟು ತಿರುಗಿಸಿದರೆ ಅಷ್ಟು ಬಿಗಿ, ಹಾಗಾಗಿ ವರ್ಷಗಟ್ಟಲೆ ಸವೆದ ಮೇಲೂ ಬೀಗ ಕೂರುತ್ತದೆ. ಆದರೆ ಬಲ ಹಾಕಿ ಕೊನೆಯವರೆಗೂ ತಿರುಗಿಸಬೇಡಿ, ಎಣ್ಣೆ ಕೈಯಲ್ಲಿ ಬಿಡಿಸಲು ಪರದಾಡಬೇಕಾಗುತ್ತದೆ. ತೀರಾ ಸಡಿಲವಾದರೆ ಪಕ್ಕಡ್‌ನಿಂದ ಒಂಚೂರು ಅಮುಕಿ. ತೀರಾ ಬಿಗಿಯಾದರೆ ಸೀಳಿಗೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಕೂದಲೆಳೆಯಷ್ಟು ಅಗಲಿಸಿ, ಜಾಸ್ತಿ ಮಾಡಿದರೆ ಉಂಗುರ ಹಾರಿ ಎಲ್ಲೋ ಬೀಳುತ್ತದೆ.

ಕೊಳ್ಳುವಾಗ ಮಾಡಬೇಕಾದ ಒಂದೇ ದೊಡ್ಡ ನಿರ್ಧಾರ ಉಕ್ಕಿನದು. ಅಲಗಿನ ಮೇಲೆ ಕಾರ್ಬೋನ್ ಅಥವಾ ಇನಾಕ್ಸ್ ಎಂದು ಒತ್ತಿರುತ್ತಾರೆ. ಕಾರ್ಬೋನ್ ಎಂದರೆ ಶೇ. 0.9ರಷ್ಟು ಇಂಗಾಲವಿರುವ ಹಳೇ ಬಗೆಯ ಉಕ್ಕು. ಬೇಗ ಮಸೆಯಬಹುದು, ಹರಿತ ಕೈಗೆ ತಿಳಿಯುತ್ತದೆ, ಬೇಗ ತುಕ್ಕೂ ಹಿಡಿಯುತ್ತದೆ. ಮಾವಿನಕಾಯಿ, ನಿಂಬೆ, ಬಾಳೆಹೂವು ಹೆಚ್ಚಿದರೆ ಐದೇ ನಿಮಿಷದಲ್ಲಿ ಅಲಗು ಬೂದುಗಪ್ಪಾಗುತ್ತದೆ, ಮೊದಮೊದಲು ಹಣ್ಣಿಗೂ ಕಬ್ಬಿಣದ ವಾಸನೆ ಹತ್ತುತ್ತದೆ. ಆ ಕಪ್ಪು ತುಕ್ಕಲ್ಲ, ಉಜ್ಜಿ ತೆಗೆಯಲೂ ಬೇಡಿ. ಅದು ಕೂತಷ್ಟೂ ಕೆಂಪು ತುಕ್ಕು ತಡವಾಗಿ ಬರುತ್ತದೆ. ಕೆಂಪು ಚುಕ್ಕೆ ಕಂಡರೆ ಮಾತ್ರ ಬಿಡಬಾರದು. ಇನಾಕ್ಸ್ ಎಂದರೆ ಸ್ಟೇನ್‌ಲೆಸ್, ಸ್ವೀಡನ್ನಿನ ಸ್ಯಾಂಡ್ವಿಕ್ ಉಕ್ಕು. ಹರಿತಕ್ಕೆ ತರಲು ಕಲ್ಲಿನ ಮೇಲೆ ಇನ್ನೊಂದಿಷ್ಟು ಹೊತ್ತು ಬೇಕು, ಉಳಿದಂತೆ ತಲೆನೋವಿಲ್ಲ.

ಕರಾವಳಿ, ಮಲೆನಾಡು, ಕೊಡಗಿನವರು ಇನಾಕ್ಸ್ ಕೊಳ್ಳಲಿ. ಮಳೆಗಾಲದಲ್ಲಿ ಬೆಲ್ಟಿಗೇ ಬೂಸ್ಟು ಬರುವ ಊರಲ್ಲಿ ಕಾರ್ಬೋನ್ ಅಲಗಿಗೆ ದಿನಾ ಎಣ್ಣೆ ಸವರುತ್ತ ಕೂರುವ ತಾಳ್ಮೆ ಯಾರಿಗೂ ಇರುವುದಿಲ್ಲ. ಬೆಂಗಳೂರು, ಬಯಲುಸೀಮೆ ಕಡೆಯವರು ಕಾರ್ಬೋನ್ ಧಾರಾಳವಾಗಿ ತೆಗೆದುಕೊಳ್ಳಬಹುದು.

ಇದರ ನಿಜವಾದ ದೋಷ ಉಕ್ಕಿನಲ್ಲಿಲ್ಲ, ಮರದಲ್ಲಿದೆ. ಸಾಮಾನ್ಯ ಮಾದರಿಯ ಹಿಡಿ ಬೀಚ್ ಮರದ್ದು. ತೇವ ಹೀರಿದರೆ ಅದು ಉಬ್ಬಿ, ಸೀಳಿನ ಎರಡೂ ಗೋಡೆಗಳು ಅಲಗಿನ ಬುಡವನ್ನು ಕಚ್ಚಿ ಹಿಡಿಯುತ್ತವೆ. ಹೊರಗೆ ವಾರ್ನಿಷ್ ಇದ್ದರೂ ಸೀಳಿನೊಳಗೆ ಅದರ ರಕ್ಷಣೆ ಸಾಲದು. ಜುಲೈನ ಸಕಲೇಶಪುರದಲ್ಲಿ ಉಗುರು ಮುರಿದೀತೇ ಹೊರತು ಅಲಗು ಬಿಚ್ಚಲಿಕ್ಕಿಲ್ಲ. ಇನಾಕ್ಸ್ ಕೊಂಡರೂ ಈ ಕಾಟ ತಪ್ಪದು. ಸವಾಯ್‌ನವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ: ಉಂಗುರದ ಬೀಗ ತೆಗೆದು ಹಿಡಿಯ ಹಿಂತುದಿಯನ್ನು ಮೇಜಿಗೋ ಕಲ್ಲಿಗೋ ಟಪ್ಪೆಂದು ಕುಟ್ಟುವುದು. ಅಲಗು ತಾನೇ ಒಂಚೂರು ಹೊರಗೆ ಇಣುಕುತ್ತದೆ, ಬೆನ್ನನ್ನು ಚಿವುಟಿ ಹಿಡಿದು ಪೂರ್ತಿ ಬಿಡಿಸಿಕೊಳ್ಳಬಹುದು. ನೋಡುವವರಿಗೆ ಇದು ಜಾದೂ, ಮಾತು ಇನ್ನರ್ಧ ಗಂಟೆ ಬೆಳೆಯುತ್ತದೆ.

ಶಾಶ್ವತ ಪರಿಹಾರ ಬೇಕಾದರೆ ಒಂದು ವಾರ ಎತ್ತಿಡಿ. ಮೊದಲು ಚಾಕುವನ್ನು ತೆರೆದು, ಉಂಗುರ ಬಿಗಿದು, ನೆರಳಿನಲ್ಲಿ ಎರಡು ಮೂರು ದಿನ ಒಣಗಿಸಿ. ಬಿಸಿಲಿಗಿಟ್ಟರೆ ಹಿಡಿ ಬಿರುಕು ಬಿಡುತ್ತದೆ. ಆಮೇಲೆ 240 ನಂಬರಿನ ಉಪ್ಪುಕಾಗದವನ್ನು ರಟ್ಟಿನ ಚೂರಿಗೆ ಸುತ್ತಿ, ಸೀಳಿನ ಒಳಗೋಡೆಗಳನ್ನು ಮೊಳೆಯ ಹತ್ತಿರ ಉಜ್ಜಿ. ಎರಡು ಬದಿಗೂ ಹತ್ತು ಹತ್ತು ಸಲ ಉಜ್ಜಿ ಮಡಚಿ ನೋಡುವುದು, ಬೇಕಿದ್ದರೆ ಮತ್ತೆ ಹತ್ತು. ಒಂದೇ ಸಲ ಜಾಸ್ತಿ ತೆಗೆದರೆ ಬೇಸಿಗೆಯಲ್ಲಿ ಅಲಗು ಲಟಪಟ ಅಲ್ಲಾಡುತ್ತದೆ, ಹೋದ ಮರ ವಾಪಸು ಬರುವುದಿಲ್ಲ. ನಂತರ ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಲಿನ್‌ಸೀಡ್ ಆಯಿಲ್ ಎಂದು ಕೇಳಿ ತಂದ ಅಗಸೆ ಎಣ್ಣೆಯನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಸೀಳಿನೊಳಗೆ ತೆಳ್ಳಗೆ ಸವರಿ. ಒಂದೊಂದು ಲೇಪಕ್ಕೂ ಒಂದು ದಿನ ಒಣಗಲು ಬಿಟ್ಟು, ಒಟ್ಟು ಮೂರು ಲೇಪ. ಇಡೀ ಹಿಡಿಗೆ ಎಣ್ಣೆ ಕುಡಿಸುವ ಆಸೆಯಿದ್ದರೆ ಮೊದಲು ವಾರ್ನಿಷ್ ತೆಗೆಯಬೇಕು, ಅದರ ಮೇಲೆ ಎಣ್ಣೆ ಹಚ್ಚಿದರೆ ಅಂಟಂಟಾಗಿ ನಿಲ್ಲುತ್ತದೆ. ಕೊಬ್ಬರಿ ಎಣ್ಣೆ ಮರಕ್ಕೆ ಬೇಡ, ಅದು ಒಣಗಿ ಗಟ್ಟಿಯಾಗುವ ಜಾತಿಯದಲ್ಲ, ಹಳಸಿದ ವಾಸನೆ ಬರುತ್ತದೆ. ಅಲಗಿಗೆ ಅದೇ ಸಾಕು. ಇನ್ನೊಂದು ಮುಖ್ಯ ಮಾತು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ಒಣಗುವಾಗ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಇಲ್ಲವೇ ಬಿಡಿಸಿ ಹರವಿ ಒಣಗಿಸಿ ಬಿಸಾಡಿ.

ಮಸೆಯುವುದು ಕಷ್ಟವಲ್ಲ. 1000 ನಂಬರಿನ ಕಲ್ಲನ್ನು ಒದ್ದೆ ಬಟ್ಟೆಯ ಮೇಲೆ ಜಾರದಂತೆ ಇಡಿ. ಅಲಗನ್ನು ಕಲ್ಲಿನ ಮೇಲೆ ಮಲಗಿಸಿ, ಅದರ ಅಗಲದ ಮೂರನೇ ಒಂದರಷ್ಟು ಎತ್ತರಕ್ಕೆ ಬೆನ್ನು ಎತ್ತಿದರೆ ಸರಿಸುಮಾರು 20 ಡಿಗ್ರಿ. ಆ ಕೋನ ಬಿಡದೆ ಒಂದೇ ಬದಿಯನ್ನು ಮಸೆಯುತ್ತ ಹೋಗಿ. ಎದುರು ಬದಿಯ ಅಂಚಿನಲ್ಲಿ, ಬುಡದಿಂದ ಮೊನೆಯವರೆಗೂ, ಸಣ್ಣ ಒರಟು ಬೆರಳಿಗೆ ಸಿಗಬೇಕು. ಅದು ಸಿಗುವ ಮೊದಲೇ ಬದಿ ಬದಲಿಸುವುದರಿಂದಲೇ ಹತ್ತರಲ್ಲಿ ಒಂಬತ್ತು ಚಾಕು ಮೊಂಡಾಗಿ ಉಳಿಯುವುದು. ಸಿಕ್ಕ ಮೇಲೆ ಇನ್ನೊಂದು ಬದಿ ಅಷ್ಟೇ ಮಸೆದು, ಕೊನೆಗೆ ಒಂದೊಂದು ಸಲ ಬದಿ ಬದಲಿಸುತ್ತ ಒತ್ತಡ ಕಮ್ಮಿ ಮಾಡಿ. ಚರ್ಮದ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದಾಗಿ ಎಳೆದರೆ, ಹಳೇ ಕ್ಷೌರಿಕರು ಎಳೆಯುತ್ತಿದ್ದಂತೆ, ಒರಟು ಉದುರುತ್ತದೆ. ಕಲ್ಲಿಲ್ಲದಿದ್ದರೆ ಪಿಂಗಾಣಿ ಕಪ್ಪಿನ ತಳದ ಹೊಳಪಿಲ್ಲದ ಬಳೆ ಸಾಕು.

ಯಾವುದಕ್ಕೆ ಬೇಡ? ಒಣ ಗೋಟಡಿಕೆಗೆ ಬೇಡ. ಅಲಗು ಬೆನ್ನಿನ ಕಡೆಯೇ 2 ಮಿ.ಮೀ. ದಪ್ಪವಿಲ್ಲ, ಅಂಚು ಚಕ್ಕೆ ಏಳುತ್ತದೆ, ಅಡಕತ್ತರಿ ಇರುವುದೇ ಅದಕ್ಕೆ. ಡಬ್ಬದ ಮುಚ್ಚಳ ಎಬ್ಬಲು ಹೋದರೆ ಮೊನೆ ಮುರಿಯುತ್ತದೆ. ಹಲಸಿನ ಮೇಣ ಮೊಳೆಯ ಬುಡಕ್ಕೆ ಹೊಕ್ಕರೆ ಬಿಚ್ಚಿ ತೊಳೆಯಲು ಸ್ಕ್ರೂ ಇಲ್ಲ, ಕೊಬ್ಬರಿ ಎಣ್ಣೆ ಹಾಕಿ ಮೃದುವಾದ ಮೇಲೆ ಕಡ್ಡಿಯಿಂದ ಕೆದಕುತ್ತ ಕೂರಬೇಕು. ಕಸಿ ಕಟ್ಟುವುದಕ್ಕೂ ಇದು ಸಲ್ಲ. ಕಸಿ ಚಾಕುವಿನ ಒಂದು ಬದಿ ಚಪ್ಪಟೆಯಾಗಿರುತ್ತದೆ, ಹಾಗಾಗಿ ಕಡಿತ ಸಮತಟ್ಟಾಗಿ ಬಂದು ಗಿಡವೂ ಕಸಿಕಡ್ಡಿಯೂ ಗಾಳಿ ಸಂದಿಲ್ಲದೆ ಕೂಡುತ್ತವೆ. ಒಪಿನೆಲ್ ಎರಡೂ ಬದಿ ಉಬ್ಬಿದ ಅಲಗು, ಕಡಿತ ಸ್ವಲ್ಪ ಬಾಗುತ್ತದೆ. ಹಣ್ಣು, ತರಕಾರಿ, ಸುತಲಿ, ಕೊರಿಯರ್ ಪೆಟ್ಟಿಗೆ, ಪೆನ್ಸಿಲ್ಲು – ಇದಕ್ಕೆ ಈ ಬೆಲೆಯ ವರ್ಗದಲ್ಲಿ ಇಷ್ಟು ಸಲೀಸಾಗಿ ಕೊಯ್ಯುವ ಮಡಚುವ ಚಾಕು ಇನ್ನೊಂದು ಸಿಗುವುದು ಕಷ್ಟ. ಸ್ವಿಸ್ ಚಾಕುವಿನಲ್ಲಿ ಕತ್ತರಿ, ಡಬ್ಬ ತೆರೆಯುವುದು ಎಲ್ಲ ಇದೆ, ಆದರೆ ಮುಷ್ಟಿಗೆ ತುಂಬುವ ಇಂಥ ದುಂಡು ಹಿಡಿ ಇಲ್ಲ.

ಇನ್ನು ಮಾತಿನ ವಿಷಯ. ಜೇಬಿನಲ್ಲಿ ಚಾಕು ಇಟ್ಟುಕೊಳ್ಳುವವರು ನಮ್ಮಲ್ಲಿ ಕಮ್ಮಿಯೇನಲ್ಲ. ನರ್ಸರಿಯಲ್ಲಿ ಕಸಿ ಕಟ್ಟುವವರು, ವೈರಿಂಗ್ ಕೆಲಸದವರು, ಅಡಿಕೆ ವ್ಯಾಪಾರದವರು, ಚಾರಣದವರು ಇಟ್ಟುಕೊಂಡಿರುತ್ತಾರೆ. ಜಿಕೆವಿಕೆಯ ಕೃಷಿ ಮೇಳದ ಉಪಕರಣ ಮಳಿಗೆಗಳ ಎದುರು ಒಂದು ಗಂಟೆ ನಿಂತರೆ ಹತ್ತು ಬಗೆ ಕಾಣಬಹುದು. ಕೇಳುವುದಾದರೆ ಚಾಕು ಹೊರಗಿದ್ದಾಗ, ಕೈಕೆಲಸ ಮುಗಿದ ಮೇಲೆ ಕೇಳಿ. ಜೇಬಿನೊಳಗಿರುವುದನ್ನು ಗುರುತಿಸಿ "ಅದೇನು ತೋರಿಸಿ" ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ. ನಮ್ಮವರ ಮೊದಲ ಪ್ರಶ್ನೆ "ಎಷ್ಟಾಯ್ತು?" ಎಂದು, ಅದಕ್ಕೆ ಉತ್ತರ ಬಂದ ಕೂಡಲೇ ಮಾತು ಮುಗಿಯುತ್ತದೆ. "ಯಾವ ಕಲ್ಲಿಗೆ ಮಸೀತೀರಿ?" ಎಂದು ಕೇಳಿ ನೋಡಿ. ಲಾರಿಯ ಸ್ಪ್ರಿಂಗ್ ಪಟ್ಟಿ ಕೊಟ್ಟು ಕುಲುಮೆಯಲ್ಲಿ ಬಡಿಸಿದ್ದೋ, ಗರಗಸದ ಬ್ಲೇಡಿನಿಂದ ತಾವೇ ಉಜ್ಜಿ ಮಾಡಿಕೊಂಡದ್ದೋ, ಹಿಡಿ ಬೀಟೆಯದೋ ಪೇರಲದ್ದೋ, ಎಲ್ಲವೂ ಆ ಒಂದು ಪ್ರಶ್ನೆಯ ಬೆನ್ನಿಗೆ ಬರುತ್ತದೆ.

ಕೊಡುವಾಗ ಮಡಚಿ, ಉಂಗುರ ಬಿಗಿದೇ ಕೊಡಿ. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಎನ್ನುವವರು ಎದುರಿಗಿದ್ದರೆ ಮೇಜಿನ ಮೇಲಿಟ್ಟುಬಿಡಿ, ಅವರೇ ಎತ್ತಿಕೊಳ್ಳುತ್ತಾರೆ, ಬೆರಳಿಗೂ ಕ್ಷೇಮ. ಉಂಗುರ ಗೊತ್ತಿಲ್ಲದವರು ಬೀಗ ಹಾಕಿದ ಅಲಗನ್ನೇ ಉಗುರಿನಿಂದ ಎಳೆಯುತ್ತಾರೆ, ಆದ್ದರಿಂದ ಮೊದಲು ತಿರುಗಿಸಿ ತೋರಿಸಿ. ಮಡಚುವಾಗಲೂ ಕಣ್ಣಿಡಿ, ಹೊಸಬರು ಬೆರಳನ್ನು ಸೀಳಿನ ಮೇಲೇ ಇಟ್ಟಿರುತ್ತಾರೆ. ಬೇರೆಯವರ ಚಾಕು ನಿಮ್ಮ ಕೈಗೆ ಬಂದರೆ ಹೆಬ್ಬೆರಳನ್ನು ಅಂಚಿನ ಉದ್ದಕ್ಕೆ ಎಳೆದು ಹರಿತ ನೋಡಬೇಡಿ, ಅಡ್ಡಡ್ಡ ಹಗುರ ಸವರಿದರೆ ಸಾಕು. ಝಾಡಿಸಿ ತೆರೆಯಬೇಡಿ. ಕಾರ್ಬೋನ್ ಅಲಗಾಗಿದ್ದರೆ ವಾಪಸು ಕೊಡುವ ಮುಂಚೆ ಅಂಗಿಯ ಅಂಚಿನಲ್ಲಾದರೂ ಒರೆಸಿ. ಬೆವರಿನ ಬೆರಳಚ್ಚು ಮಾರನೇ ದಿನ ಅದೇ ಆಕಾರದ ತುಕ್ಕಾಗಿ ಕಾಣಿಸುತ್ತದೆ, ಬೈಗುಳವೂ ನಿಮ್ಮ ಹೆಸರಿಗೇ.

ಕಾನೂನಿನ ಪ್ರಕಾರ, ಶಸ್ತ್ರಾಸ್ತ್ರ ನಿಯಮಗಳು ಆಯುಧ ಎಂದು ಪಟ್ಟಿ ಮಾಡುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆ, ಕೃಷಿ ಕೆಲಸದ ಉಪಕರಣಗಳಿಗೆ ಅದರಲ್ಲೂ ವಿನಾಯಿತಿ ಇದೆ. ನಂ. 8 ಆ ಅಳತೆಯ ಅರ್ಧವೂ ಇಲ್ಲ. ಹಾಗೆಂದು ನಿಷೇಧಾಜ್ಞೆ ಇರುವ ಕಡೆ, ರಾಜಕೀಯ ಸಭೆಗೆ, ನ್ಯಾಯಾಲಯಕ್ಕೆ, ಮೆಟ್ರೋಗೆ ಒಯ್ಯಬೇಡಿ, ವಾದ ಮಾಡಿ ಗೆಲ್ಲುವ ಜಾಗಗಳಲ್ಲ ಅವು. ವಿಮಾನದಲ್ಲಿ ಚೆಕ್-ಇನ್ ಸೂಟ್‌ಕೇಸಿನೊಳಗೆ ಮಾತ್ರ, ಕೈಚೀಲದಲ್ಲಿದ್ದರೆ ಭದ್ರತಾ ತಪಾಸಣೆಯಲ್ಲೇ ಕಳೆದುಕೊಳ್ಳುತ್ತೀರಿ.

ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಇರುವ ನೆಂಟರಿಗೆ ನಂ. 8 ಉಡುಗೊರೆ ಕೊಡುವವರಿದ್ದರೆ ಸ್ವಲ್ಪ ತಡೆಯಿರಿ. ಬ್ರಿಟನ್ನಿನಲ್ಲಿ ತಕ್ಕ ಕಾರಣವಿಲ್ಲದೆ ಜೇಬಿನಲ್ಲಿಟ್ಟು ಓಡಾಡಬಹುದಾದದ್ದು 3 ಇಂಚಿನೊಳಗಿನ, ಬೀಗವಿಲ್ಲದ ಮಡಚುವ ಚಾಕು ಮಾತ್ರ. ನಂ. 8 ಉದ್ದಕ್ಕೂ ಬೀಗಕ್ಕೂ ಎರಡಕ್ಕೂ ಸಿಕ್ಕಿಬೀಳುತ್ತದೆ. ಉಂಗುರ ಶುರುವಾಗುವುದು ನಂ. 6ರಿಂದ, ಆದ್ದರಿಂದ ಅಂಥವರಿಗೆ 6 ಸೆಂ.ಮೀ. ಅಲಗಿನ ನಂ. 5 ಸರಿ. ಮಕ್ಕಳಿಗಾದರೆ ಮೊನೆ ದುಂಡಾಗಿರುವ ನಂ. 7 ಪ್ರತ್ಯೇಕವಾಗಿಯೇ ಸಿಗುತ್ತದೆ, ಉಂಗುರವೂ ಇದೆ.