ಹಿಮ್ಮಡಿ ಚುಚ್ಚುವಾಗ: ಎದೆಹಾಲೋ, ಸಕ್ಕರೆ ನೀರೋ?

ಹಸುಗೂಸುಗಳ ವಾರ್ಡಿನಲ್ಲಿ ನರ್ಸ್ ಆಗಿರುವ ನನಗೆ ಮಗುವಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವುದು ದಿನನಿತ್ಯದ ಕೆಲಸ. ಆಗ ತಾನೇ ಹುಟ್ಟಿದ ಮಕ್ಕಳಿಗೆ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ ಎಂದು 1980ರ ದಶಕದವರೆಗೂ ಎಷ್ಟೋ ವೈದ್ಯರು ನಂಬಿದ್ದರು. ಮುಖ ನೋಡಿದರೆ ಸಾಕಿತ್ತು ಅಲ್ವಾ? ಹುಬ್ಬು ಉಬ್ಬುತ್ತದೆ, ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಮೂಗಿನ ಪಕ್ಕದಿಂದ ತುಟಿಯ ಕೊನೆವರೆಗೆ ಗೆರೆ ಬೀಳುತ್ತದೆ. ಮಗುವಿನ ನೋವಿಗೆ ಅಂಕ ಕೊಡುವಾಗ ನಾವು ಈಗಲೂ ನೋಡುವುದು ಇವನ್ನೇ.

ಈ ನೋವು ತಗ್ಗಿಸಲು ನಾನು ಬಳಸಿ ನೋಡಿದ್ದರಲ್ಲಿ ಮೊದಲ ಸ್ಥಾನ ಎದೆಹಾಲಿಗೆ. ಆದರೆ ಚುಚ್ಚಿ ಅತ್ತ ಮೇಲೆ ಹಾಲಿಗೆ ಹಾಕಿದರೆ ಅದು ಬರೀ ಸಮಾಧಾನ. ಮೊದಲೇ ಹಾಕಬೇಕು. ಮಗು ಮೊಲೆ ಹಿಡಿದು, ಗುಟುಕು ನುಂಗುವ ಸದ್ದು ಕೇಳಲು ಶುರುವಾದ ಮೇಲೆ ಚುಚ್ಚುತ್ತೇನೆ. ಎಷ್ಟೋ ಮಕ್ಕಳು ಒಂದು ಕ್ಷಣ ಚೀಪುವುದು ನಿಲ್ಲಿಸಿ, ಕಾಲು ಎಳೆದುಕೊಂಡು, ಮತ್ತೆ ಚೀಪಲು ಶುರು ಮಾಡುತ್ತವೆ. "ಆಮೇಲೆ ಹಾಲು ಅಂದರೇ ಹೆದರಿಬಿಟ್ಟರೆ?" ಎಂದು ತಾಯಂದಿರು ಕೇಳುತ್ತಾರೆ. ಹಾಗೆ ಹೆದರಿದ ಮಗುವನ್ನು ನಾನಂತೂ ಕಂಡಿಲ್ಲ.

ತಾಯಿ ಹತ್ತಿರ ಇಲ್ಲದಾಗ ಸಕ್ಕರೆ ದ್ರಾವಣ. ಸಾಮಾನ್ಯವಾಗಿ ಶೇ. 24ರದ್ದು, ನಾಲಿಗೆಯ ತುದಿಗೆ ಕೆಲವೇ ಹನಿ, ಚುಚ್ಚುವುದಕ್ಕೆ 2 ನಿಮಿಷ ಮೊದಲು. ಆ 2 ನಿಮಿಷವನ್ನೇ ಅವಸರದಲ್ಲಿ ಎಲ್ಲರೂ ನುಂಗಿಬಿಡುತ್ತಾರೆ. ಕೆಲಸ ಮಾಡುವುದು ನಾಲಿಗೆಗೆ ತಾಗುವ ಸಿಹಿ. ಟ್ಯೂಬಿನಲ್ಲಿ ನೇರ ಹೊಟ್ಟೆಗೆ ಹಾಕಿದರೆ ಪ್ರಯೋಜನವಿಲ್ಲ. ಜೊತೆಗೆ ಚೀಪಲು ನಿಪ್ಪಲ್ ಕೊಟ್ಟರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಅಳು ಕಡಿಮೆಯಾಗುವುದಂತೂ ಖಂಡಿತ. ಆದರೂ ನನಗೆ ಪೂರ್ತಿ ನಂಬಿಕೆಯಿಲ್ಲ. 2010ರಲ್ಲಿ ಲಂಡನ್ನಿನ ಸಂಶೋಧಕರು ಹಿಮ್ಮಡಿ ಚುಚ್ಚುವಾಗ ಮಕ್ಕಳ ಮಿದುಳಿನ ಚಟುವಟಿಕೆ ಅಳೆದು ನೋಡಿದರು. ಸಕ್ಕರೆ ಕೊಟ್ಟ ಮಕ್ಕಳ ಮುಖ ಶಾಂತವಾಗಿತ್ತು, ಮಿದುಳಿನ ನೋವಿನ ಸಂಕೇತ ಮಾತ್ರ ಹೇಳಿಕೊಳ್ಳುವಷ್ಟು ತಗ್ಗಿರಲಿಲ್ಲ. ಅಂದಮೇಲೆ ಸಕ್ಕರೆ ಇದೆಯಲ್ಲ ಎಂದು ಪದೇ ಪದೇ ಚುಚ್ಚುವುದು ಸರಿಯಲ್ಲ. ಮನೆಯಲ್ಲಿ ಇದರ ಬದಲು ಜೇನು ನೆಕ್ಕಿಸಬೇಡಿ. ಒಂದು ವರ್ಷದೊಳಗಿನ ಮಕ್ಕಳಿಗೆ ಅದರಿಂದ ಬಾಟ್ಯುಲಿಸಂ ಎಂಬ, ಸ್ನಾಯುಗಳ ಶಕ್ತಿಯನ್ನೇ ಕುಂದಿಸುವ ಗಂಭೀರ ಕಾಯಿಲೆ ಬರುವ ಅಪಾಯವಿದೆ.

ಬರಿಮೈಗೆ ಬರಿಮೈ ತಾಗಿಸಿ ಎದೆಯ ಮೇಲೆ ಮಲಗಿಸಿಕೊಳ್ಳುವುದು ಎದೆಹಾಲಿನ ಹತ್ತಿರಕ್ಕೇ ಬರುತ್ತದೆ. ಅವಧಿಗೆ ಮುಂಚೆ ಹುಟ್ಟಿದ, ಇನ್ನೂ ಚೀಪಲು ಬಾರದ ಮಕ್ಕಳಿಗೆ ನನ್ನ ಆಯ್ಕೆ ಇದೇ. ಅಪ್ಪಂದಿರೂ ಮಾಡಬಹುದು. ಹತ್ತು ಹದಿನೈದು ನಿಮಿಷ ಮೊದಲೇ ಮಲಗಿಸಿಕೊಂಡಿರಬೇಕು. ಕಷ್ಟ ನಮಗೆ: ಕುರ್ಚಿಯ ಪಕ್ಕ ಮಂಡಿಯೂರಿ ಕೂತು ಆ ಪುಟ್ಟ ಪಾದ ಹುಡುಕಬೇಕು.

ಬಟ್ಟೆಯಲ್ಲಿ ಸುತ್ತುವುದು, ಕೈಕಾಲು ಮಡಚಿ ಮೆತ್ತಗೆ ಹಿಡಿಯುವುದು ಜೊತೆಗಿದ್ದರೆ ಒಳ್ಳೆಯದು, ಅದೊಂದೇ ಸಾಲದು. ಮರಗಟ್ಟಿಸುವ ಕ್ರೀಮ್ ಹಿಮ್ಮಡಿಗೆ ನಾಟುವುದೇ ಇಲ್ಲ, ಸುಮ್ನೆ ಹಚ್ಚಿಕೊಂಡು ಕಾಯಬೇಕು ಅಷ್ಟೆ. ಪ್ಯಾರಸಿಟಮಾಲ್ ಕೂಡ ಈ ನೋವಿಗೆ ಉಪಯೋಗವಿಲ್ಲ.

ಇನ್ನೊಂದು ದಾರಿ ಹಿಮ್ಮಡಿಯನ್ನೇ ಬಿಡುವುದು. ದಿನ ತುಂಬಿ ಹುಟ್ಟಿದ ಮಗುವಿಗೆ, ಪಳಗಿದ ಕೈಯವರು ಕೈಯ ರಕ್ತನಾಳದಿಂದ ತೆಗೆದರೆ ನೋವು ಕಡಿಮೆ. ಮತ್ತೆ ಮತ್ತೆ ಚುಚ್ಚಿ ಹಿಂಡುವ ಪ್ರಸಂಗವೂ ಕಡಿಮೆ. ಜಾಸ್ತಿ ರಕ್ತ ಬೇಕಿದ್ದಾಗ ನಾನು ಡಾಕ್ಟರನ್ನು ಮೊದಲು ಕೇಳುವುದೇ ಇದನ್ನು.