‘25 ಎಂಎಂ ಟಿಟಿ ಟೇಬಲ್’ ಅಂತ ಹಣ ಕೇಳಿದರೆ, ಮೊದಲು ಟೇಬಲ್ಲಿನ ಕೆಳಗೆ ಬಗ್ಗಿ ನೋಡಿ

ಅಪಾರ್ಟ್‌ಮೆಂಟಿಗೋ ಲೇಔಟಿನ ಕ್ಲಬ್ಬಿಗೋ ಟೇಬಲ್ ಟೆನಿಸ್ ಟೇಬಲ್ ತರಿಸಬೇಕು ಅಂದುಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನ ನಮ್ಮ ಅಸೋಸಿಯೇಷನ್ನಿಗೆ ಒಬ್ಬ ಮಾರಾಟಗಾರ 42,000 ರೂಪಾಯಿಗೆ ಟೋಪಿ ಹಾಕಿದ. ಅವನ ಹೆಸರು ಬರೆದು ಉಪಯೋಗವಿಲ್ಲ, ನಮಗೆ ಹೇಳಿದ ಹೆಸರು ನಿಜವೋ ಅಲ್ಲವೋ ಯಾರು ಕಂಡರು. ವರಸೆ ಹೇಳುತ್ತೇನೆ.

ವಾಟ್ಸ್ಆ್ಯಪ್‌ನಲ್ಲಿ ಕೊಟೇಶನ್ ಬಂತು: ‘25 ಎಂಎಂ ಟಾಪ್, ಟೂರ್ನಮೆಂಟ್ ಮಾಡೆಲ್, ಐಟಿಟಿಎಫ್ ಅಪ್ರೂವ್ಡ್’. 25 ಎಂಎಂ ಅಂದರೆ ಮೇಲಿನ ಹಲಗೆಯ ದಪ್ಪ, ಐಟಿಟಿಎಫ್ ಅಂದರೆ ಅಂತಾರಾಷ್ಟ್ರೀಯ ಟೇಬಲ್ ಟೆನಿಸ್ ಒಕ್ಕೂಟ. ಕೊಟೇಶನ್ ಜೊತೆಗೆ ಕಂಪನಿಯ ಕ್ಯಾಟಲಾಗಿನಿಂದ ಎತ್ತಿದಂಥ ಚಂದದ ಫೋಟೊ. ಅರ್ಧ ಹಣ ಮುಂಗಡ ಕೊಟ್ಟಾಯಿತು. ಟೆಂಪೊ ಬಂದ ದಿನ ಗೇಟಿನಲ್ಲೇ ನಿಂತು, "ಬ್ಯಾಲೆನ್ಸ್ ಹಾಕ್ಬಿಡಿ ಸಾರ್, ಹಾಕಿದ್ರೆ ಇಳಿಸ್ತಾರೆ. ಗಾಡಿ ಇನ್ನೊಂದು ಕಡೆ ಹೋಗ್ಬೇಕು" ಅಂದ. ಖಜಾಂಚಿ ಯುಪಿಐ ಮಾಡಿದರು. ಹಣ ಹೋಗಿದ್ದು ಯಾವುದೋ ವ್ಯಕ್ತಿಯ ಖಾತೆಗೆ, ಅಂಗಡಿಯ ಖಾತೆಗಲ್ಲ. ಬಿಲ್ ಕೇಳಿದ್ದಕ್ಕೆ "ನಾಳೆ ಮೇಲ್ ಮಾಡ್ತೀನಿ ಸಾರ್". ಆ ನಾಳೆ ಇನ್ನೂ ಬಂದಿಲ್ಲ.

ಸಂಜೆ ಟೇಬಲ್ ಜೋಡಿಸಿ ಮಕ್ಕಳೆಲ್ಲ ಮುತ್ತಿಕೊಂಡಿದ್ದರು. ಮೂರನೇ ಮಹಡಿಯ ರಾಯರು ಬಂದರು. ಹಿಂದೆ ಬ್ಯಾಂಕಿನ ತಂಡಕ್ಕೆ ಆಡುತ್ತಿದ್ದವರು, ಈಗಲೂ ಬ್ಯಾಟನ್ನು ಪೆನ್ನಿನ ಹಾಗೆ ಹಿಡಿಯುವ ಪೆನ್‌ಹೋಲ್ಡ್ ಹಿಡಿತದಲ್ಲೇ ಆಡುತ್ತಾರೆ. ನಾಲ್ಕು ಸಲ ಬಾಲ್ ಕುಟ್ಟಿದವರೇ ಬ್ಯಾಟ್ ಕೆಳಗಿಟ್ಟು, "ಇದು ಇಪ್ಪತ್ತೈದಲ್ಲ ಕಣ್ರೀ, ಸದ್ದು ಕೇಳಿ, ಟೊಳ್ಳು" ಅಂದರು. ಟಾರ್ಚ್ ಹಿಡಿದು ಟೇಬಲ್ಲಿನ ಕೆಳಗೆ ಮಲಗಿ ನೋಡಿದಾಗ ಗುಟ್ಟು ರಟ್ಟಾಯಿತು. ಹಲಗೆ 18 ಎಂಎಂ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ. ಅದರ ಅಂಚಿಗೆ ಸುತ್ತಲೂ ಎರಡು ಬೆರಳಗಲದ ಪಟ್ಟಿಯನ್ನು ಕೆಳಗಿನಿಂದ ಅಂಟಿಸಿ, ಬದಿಗೆ ಅಂಚು ಮುಚ್ಚುವ ಕಪ್ಪು ಪಟ್ಟಿ (ಎಡ್ಜ್ ಬ್ಯಾಂಡ್) ಎಳೆದಿದ್ದರು. ಪಕ್ಕದಿಂದ ಟೇಪು ಹಿಡಿದರೆ 25 ತೋರಿಸುತ್ತದೆ. ಹಾಗಾಗಿ ಅಂಚು ಅಳೆದು ಸಮಾಧಾನ ಪಡಬೇಡಿ. ಅಂಚಿನಿಂದ ಒಂದು ಗೇಣು ಒಳಗೆ, ಕಾಲಿನ ಫ್ರೇಮ್ ಹಲಗೆಗೆ ಕೂರುವ ಕಡೆ ಅಳೆಯಿರಿ. ಸ್ಟೀಲ್ ಫ್ರೇಮ್ ಸುತ್ತುವರಿದಿದ್ದರೆ ಇನ್ನೂ ಹುಷಾರು, ಆ ಫ್ರೇಮಿನ ಎತ್ತರಕ್ಕೂ ಹಲಗೆಯ ದಪ್ಪಕ್ಕೂ ಸಂಬಂಧವೇ ಇಲ್ಲ.

ತೂಕವೂ ಸುಳಿವು ಕೊಡುತ್ತದೆ. ಟೇಬಲ್ 2.74 ಮೀಟರ್ ಉದ್ದ, 1.525 ಮೀಟರ್ ಅಗಲ. 25 ಎಂಎಂ ಹಲಗೆಯಾದರೆ ಕಾಲು, ಚಕ್ರ ಎಲ್ಲ ಬಿಟ್ಟು ಹಲಗೆಯೊಂದೇ ಸುಮಾರು 70 ಕಿಲೊ ತೂಗಬೇಕು. ನಮ್ಮದರ ಒಂದೊಂದು ಅರ್ಧವನ್ನೂ ಟೆಂಪೊ ಹುಡುಗ ಒಬ್ಬನೇ ಬೆನ್ನ ಮೇಲೆ ಹೊತ್ತು ತಂದಿದ್ದ.

ಬೌನ್ಸ್ ಪರೀಕ್ಷೆಗೆ ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಸಾಕು. ನಿಯಮದ ಪ್ರಕಾರ 30 ಸೆಂಟಿಮೀಟರ್ ಎತ್ತರದಿಂದ ಬಿಟ್ಟ ಬಾಲ್ ಟೇಬಲ್ಲಿನ ಎಲ್ಲ ಕಡೆಯೂ ಸುಮಾರು 23 ಸೆಂಟಿಮೀಟರ್ ಪುಟಿಯಬೇಕು. ಸ್ಕೇಲನ್ನು ನೇರವಾಗಿ ನಿಲ್ಲಿಸಿ, ಅದರ ತುದಿಯಿಂದ ಪಂದ್ಯಗಳಲ್ಲಿ ಬಳಸುವ ದರ್ಜೆಯ ಒಳ್ಳೆಯ ತ್ರೀಸ್ಟಾರ್ ಬಾಲ್ ಬಿಡಿ, ಫೋನಿನಲ್ಲಿ ಸ್ಲೋಮೋಷನ್ ವಿಡಿಯೊ ಮಾಡಿ. ಹತ್ತು ರೂಪಾಯಿಯ ಆಟಿಕೆ ಬಾಲಿನಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಮ್ಮ ಟೇಬಲ್ಲಿನಲ್ಲಿ ಫ್ರೇಮಿನ ಮೇಲೆ ಬಿದ್ದರೆ 23ರ ಹತ್ತಿರ ಬರುತ್ತಿತ್ತು, ಫ್ರೇಮ್ ಇಲ್ಲದ ನಡುಭಾಗದಲ್ಲಿ 17 ದಾಟುತ್ತಿರಲಿಲ್ಲ. ಎದುರಾಳಿ ನಡುವಿಗೆ ಡ್ರಾಪ್ ಮಾಡಿದರೆ ಬಾಲ್ ಅಲ್ಲೇ ಸತ್ತು ಬೀಳುತ್ತಿತ್ತು. ಕೆಲವರು ಇದನ್ನೇ ತಮ್ಮ ಪ್ರತಿಭೆ ಅಂದುಕೊಂಡಿದ್ದರು, ಅದು ಬೇರೆ ಮಾತು.

ಆಟದ ಮೈ ಹೊಳೆಯಬಾರದು, ಮ್ಯಾಟ್ ಇರಬೇಕು ಅನ್ನುವುದೂ ನಿಯಮವೇ. ನಮ್ಮದರಲ್ಲಿ ಟ್ಯೂಬ್‌ಲೈಟ್ ಪೂರ್ತಿ ಕಾಣುತ್ತಿತ್ತು. ಡಬಲ್ಸ್ ಆಡಲು ಬೇಕಾಗುವ ನಡುಗೆರೆ ಕೇವಲ 3 ಎಂಎಂ ಇರಬೇಕು. ಇವನು ಬಣ್ಣ ಬಳಿಯುವ ಬದಲು ಬೆರಳು ದಪ್ಪದ ಬಿಳಿ ಟೇಪು ಅಂಟಿಸಿದ್ದ, ಅದರ ಮೇಲೆ ಬಿದ್ದ ಸರ್ವೀಸ್ ಎತ್ತಲಾದರೂ ಹಾರುತ್ತಿತ್ತು. ಇನ್ನು ‘ಐಟಿಟಿಎಫ್ ಅಪ್ರೂವ್ಡ್’ ಸ್ಟಿಕ್ಕರ್ ಯಾರು ಬೇಕಾದರೂ ಪ್ರಿಂಟ್ ಹಾಕಿಸಬಹುದು. ಅಂತಾರಾಷ್ಟ್ರೀಯ ಒಕ್ಕೂಟ ತಾನು ಒಪ್ಪಿದ ಟೇಬಲ್‌ಗಳ ಪಟ್ಟಿಯನ್ನು ತನ್ನ ವೆಬ್‌ಸೈಟಿನಲ್ಲೇ ಹಾಕುತ್ತದೆ. ಕಂಪನಿ ಮತ್ತು ಮಾಡೆಲ್ ಎರಡೂ ಆ ಪಟ್ಟಿಯಲ್ಲಿರಬೇಕು. ಮಾಡೆಲ್ ಹೆಸರೇ ಇಲ್ಲದ ಟೇಬಲ್ಲಿಗೆ ಅಪ್ರೂವಲ್ ಎಲ್ಲಿಂದ ಬರಬೇಕು?

ಸಂಜೆ ಬೆವರು ಹರಿಸಲು ಆಡುವ ನಮ್ಮಂಥವರಿಗೆ ಅಪ್ರೂವಲ್ ಬೇಕಾಗಿಯೇ ಇಲ್ಲ, ಅದೂ ನಿಜ. ಮನೆ ಮಂದಿಗೆ 18 ಎಂಎಂ ಟೇಬಲ್ಲೂ ನಡೆಯುತ್ತದೆ. ಹದಿನೆಂಟಕ್ಕೆ ಹದಿನೆಂಟರ ಬೆಲೆ ಹೇಳಿದ್ದರೆ ನನ್ನ ತಕರಾರಿರಲಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಬಣ್ಣ ಬಯಲಾಯಿತು. ಕ್ಲಬ್‌ಹೌಸ್ ಕಿಟಕಿಯಿಂದ ಎರಚಲು ಬಡಿದ ಮೂಲೆಯಲ್ಲಿ ಎಡ್ಜ್ ಬ್ಯಾಂಡ್ ಬಿಟ್ಟುಕೊಂಡು, ಹಲಗೆ ನೆನೆಸಿದ ಅವಲಕ್ಕಿಯ ಹಾಗೆ ಉಬ್ಬಿತು. ಬೆರಳಿನಿಂದ ಒತ್ತಿದರೆ ಪುಡಿ ಉದುರುತ್ತಿತ್ತು. ‘ವಾಟರ್‌ಪ್ರೂಫ್ ಸಾರ್, ಸ್ಟಿಲ್ಟ್ ಪಾರ್ಕಿಂಗಲ್ಲೇ ಇಟ್ಕೋಬಹುದು’ ಅಂದಿದ್ದವನು ಇದೇ ಪುಣ್ಯಾತ್ಮ. ಪಾರ್ಕಿಂಗ್‌ನಲ್ಲೋ ಟೆರೇಸಿನಲ್ಲೋ ಇಡಬೇಕಾದರೆ ಔಟ್‌ಡೋರ್ ಟೇಬಲ್ ಅಂತಲೇ ಬೇರೆ ಇದೆ. ಒಳಾಂಗಣದ ಟೇಬಲ್ಲಿಗೆ ಕವರ್ ಹೊದಿಸಿದ ಮಾತ್ರಕ್ಕೆ ಅದು ಔಟ್‌ಡೋರ್ ಆಗುವುದಿಲ್ಲ.

ಇಷ್ಟಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ಮಡಚುವ ಲಾಕ್ ವಿಷಯ ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಅರ್ಧ ಮಡಚಿ ಗೋಡೆಯ ಹಾಗೆ ನಿಲ್ಲಿಸಿ ಒಬ್ಬರೇ ಆಡುವ ವ್ಯವಸ್ಥೆ ಇರುತ್ತದಲ್ಲ, ಹಾಗೆ ನಿಲ್ಲಿಸಿದ್ದಾಗ ಎರಡನೇ ಕ್ಲಾಸಿನ ಹುಡುಗನೊಬ್ಬ ನೆಟ್ ಹಿಡಿದು ಜಗ್ಗಿದ. ಲಾಕ್ ಪಿನ್ ಕಳಚಿ ನಿಂತಿದ್ದ ಅರ್ಧ ದಢಾರನೆ ಕೆಳಗೆ ಬಂತು. ಹುಡುಗ ಆಗಲೇ ಬಾಲ್ ಹೆಕ್ಕಲು ಪಕ್ಕಕ್ಕೆ ಓಡಿದ್ದ, ಬಚಾವಾದ. ಆಮೇಲೆ ನೋಡಿದರೆ ಪಿನ್ ಅಂತ ಇದ್ದದ್ದು ಒಂದು ತಂತಿಯ ತುಂಡು, ಒಂದೇ ಬದಿಗೆ. ಟೇಬಲ್ ಯಾವ ಕಂಪನಿಯದೇ ಇರಲಿ, ಎರಡೂ ಬದಿಯ ಲಾಕನ್ನು ನೀವೇ ಜಗ್ಗಿ ನೋಡಿ. ಮಡಚುವ, ಬಿಚ್ಚುವ ಕೆಲಸ ದೊಡ್ಡವರೇ ಇಬ್ಬರು ಸೇರಿ ಮಾಡಲಿ, ಚಕ್ರಗಳಿಗೆ ಬ್ರೇಕ್ ಹಾಕಿರಲಿ, ಮಡಚಿಟ್ಟ ಟೇಬಲ್ಲಿನ ಹತ್ತಿರ ಮಕ್ಕಳನ್ನು ಬಿಡಬೇಡಿ.

ಹಣ ವಾಪಸ್ ಪಡೆಯುವ ಪ್ರಯತ್ನವನ್ನೂ ಮಾಡಿದೆವು. ಮೊದಮೊದಲು "ಟಾಪ್ ಚೇಂಜ್ ಮಾಡ್ಕೊಡ್ತೀನಿ ಸಾರ್, ಟ್ರಾನ್ಸ್‌ಪೋರ್ಟ್ ನಿಮ್ದು" ಅಂದ. ಆಮೇಲೆ ಫೋನ್ ಎತ್ತಲಿಲ್ಲ, ಆಮೇಲೆ ನಂಬರೇ ಸ್ವಿಚ್ ಆಫ್. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ನೋಟಿಸ್ ಕಳಿಸಲು ಎದುರು ಪಾರ್ಟಿಯ ವಿಳಾಸ ಬೇಕಲ್ಲ? ಜಿಎಸ್‌ಟಿ ಬಿಲ್ ಇದ್ದಿದ್ದರೆ ವಿಳಾಸ ಅದರಲ್ಲೇ ಇರುತ್ತಿತ್ತು. ನಮ್ಮ ಹತ್ತಿರ ಇರುವುದು ಒಂದು ಯುಪಿಐ ಸ್ಕ್ರೀನ್‌ಶಾಟ್.

ಈ ಸಲ ಹೊಸ ಟೇಬಲ್ಲಿಗೆ ಅಂಗಡಿಗೇ ಹೋಗಿ, ಕಟ್ಟಿ ನಿಲ್ಲಿಸಿದ್ದ ಟೇಬಲ್ಲಿನ ಮೇಲೆ ಸ್ಕೇಲ್ ಇಟ್ಟು ಬಾಲ್ ಬಿಟ್ಟು ನೋಡಿದೆವು. ಬಿಲ್ಲಿನಲ್ಲಿ ಕಂಪನಿ, ಮಾಡೆಲ್, ಹಲಗೆಯ ದಪ್ಪ ಬರೆಸಿಕೊಂಡೆವು. ಬಾಕಿ ಹಣ ಜೋಡಿಸಿದ ಮೇಲೆ ಅಂದಾಗ ಅಂಗಡಿಯವರು ಮರುಮಾತಾಡದೆ ಒಪ್ಪಿದರು. ಹಳೆಯವನು ವ್ಯಾಪಾರ ನಿಲ್ಲಿಸಿದಂತೆ ಕಾಣುವುದಿಲ್ಲ. ಮೊನ್ನೆ ಪಕ್ಕದ ಲೇಔಟಿನವರು ತಮಗೆ ಬಂದ ಕೊಟೇಶನ್ ಫಾರ್ವರ್ಡ್ ಮಾಡಿದ್ದರು: ಅದೇ ಫೋಟೊ, ಅದೇ ‘25 ಎಂಎಂ ಟೂರ್ನಮೆಂಟ್ ಮಾಡೆಲ್’, ನಂಬರ್ ಮಾತ್ರ ಬೇರೆ. ಈ ಸಲ ಪೂರ್ತಿ ಹಣ ಮುಂಗಡ ಕೇಳಿದ್ದಾನೆ.