ಶೆಟ್ಟಿಹಳ್ಳಿ ಚರ್ಚ್: ತುಂಬಿದ ಹೊಳೆಯಲ್ಲೊಮ್ಮೆ, ಇಳಿದ ಹೊಳೆಯಲ್ಲೊಮ್ಮೆ

ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ, ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ರೋಸರಿ ಚರ್ಚನ್ನು ಒಂದೇ ವರ್ಷದೊಳಗೆ ಎರಡು ಸಲ, ಆಗಸ್ಟ್‌ನಲ್ಲೊಮ್ಮೆ ಮತ್ತು ಮಾರ್ಚ್‌ನಲ್ಲೊಮ್ಮೆ, ಮನೆಯವರೊಂದಿಗೆ ನೋಡಿಬಂದೆ. ಎಲ್ಲರ ಮೊಬೈಲಿನಲ್ಲಿ ಓಡಾಡುವುದು ನೀರಿನ ನಡುವೆ ನಿಂತ ಗೋಡೆಗಳ ಚಿತ್ರವೇ ಆದರೂ, ಈ ಕಟ್ಟಡ ಮೈಬಿಚ್ಚಿ ನೋಡಸಿಗುವುದು ಹೊಳೆ ಇಳಿದ ಮೇಲೆಯೇ ಎಂಬುದು ನನ್ನ ಅನುಭವ.

ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ಚರ್ಚ್ ಇದು. 1979ರಲ್ಲಿ ಗೊರೂರು ಅಣೆಕಟ್ಟು ಪೂರ್ಣಗೊಂಡು, ಸುಮಾರು 37 ಟಿಎಂಸಿ ನೀರು ನಿಲ್ಲುವ ಜಲಾಶಯ ತುಂಬತೊಡಗಿದಾಗ ಸುತ್ತಲಿನ ಊರುಗಳು ಮುಳುಗಡೆಯಾದವು, ಜನ ಗಂಟುಮೂಟೆ ಕಟ್ಟಿಕೊಂಡು ಹೊರಟರು, ಚರ್ಚ್ ಮಾತ್ರ ಅಲ್ಲಿಯೇ ಉಳಿಯಿತು. ಅಂದಿನಿಂದ ಪ್ರತಿ ಮಳೆಗಾಲದಲ್ಲಿ ನೀರಿಗಿಳಿದು, ಬೇಸಿಗೆಯಲ್ಲಿ ಮೇಲೆದ್ದು ಇಷ್ಟು ವರ್ಷ ತಡೆದುಕೊಂಡಿದೆ ಎಂದರೆ ಕಟ್ಟಿದವರಿಗೆ ಕೈ ಮುಗಿಯಬೇಕು. ಗಾರೆಗೆ ಬೆಲ್ಲ ಮತ್ತು ಮೊಟ್ಟೆ ಬೆರೆಸಿದ್ದರೆಂದು ಆ ಕಡೆಯವರು ಹೇಳುತ್ತಾರೆ.

ಆಗಸ್ಟ್‌ನಲ್ಲಿ ಗೋಡೆಗಳ ಮೇಲ್ಭಾಗ ಮಾತ್ರ ಕಾಣುತ್ತಿತ್ತು. ತೆಪ್ಪದಲ್ಲಿ ಹತ್ತಿರ ಹೋದೆವು. ಕಮಾನಿನ ತುದಿಯಲ್ಲಿ ನೀರುಕಾಗೆಗಳು ರೆಕ್ಕೆ ಹರಡಿಕೊಂಡು ಕುಳಿತಿದ್ದವು. ನೋಟ ಸೊಗಸಾಗಿತ್ತು, ಆದರೆ ನಾವು ಹತ್ತಿದ ತೆಪ್ಪದಲ್ಲಿ ಲೈಫ್ ಜಾಕೆಟ್ ಇರಲಿಲ್ಲ. ಮಕ್ಕಳಿದ್ದಾರೆ ಎಂದು ಎರಡು ಸಲ ಕೇಳಿದ ಮೇಲಷ್ಟೇ ದಡದಿಂದ ತರಿಸಿಕೊಟ್ಟರು. ಕೇಳದೆ ಹತ್ತಬೇಡಿ.

ಮಾರ್ಚ್‌ನಲ್ಲಿ ಅದೇ ಜಾಗಕ್ಕೆ ನಡೆದುಕೊಂಡೇ ಹೋದೆವು. ಕಾಲಡಿಯಲ್ಲಿ ಒಣಗಿ ಬಿರುಕುಬಿಟ್ಟ ಕೆಸರು, ಅದರ ನಡುವೆ ಬೆಳ್ಳಗಾದ ಕಪ್ಪೆಚಿಪ್ಪುಗಳು. ಒಳಗೆ ನಿಂತರೆ ಸೂರಿಲ್ಲದ ಪ್ರಾರ್ಥನಾಮಂದಿರದ ಮೇಲೆ ಆಕಾಶವಷ್ಟೇ. ಕಂಬಗಳ ಮೇಲೆ ನೀರು ನಿಂತು ಇಳಿದ ಗುರುತುಗಳು ಒಂದರ ಕೆಳಗೊಂದು ಗೆರೆಗಳಾಗಿ ಉಳಿದಿವೆ. ನನ್ನ ಎತ್ತರಕ್ಕಿಂತ ಬಹಳ ಮೇಲಿದ್ದ ಗೆರೆಯನ್ನು ಕಂಡಾಗಲೇ, ಆಗಸ್ಟ್‌ನಲ್ಲಿ ನಾವು ಎಷ್ಟು ಆಳದ ಮೇಲೆ ತೇಲಿದ್ದೆವೆಂಬುದು ಅರಿವಾದದ್ದು. ಗಾರೆ ಉದುರಿದ ಕಡೆ ಕೆಂಪು ಇಟ್ಟಿಗೆ ಹೊರಬಿದ್ದಿದೆ. ಬೆರಳಿಟ್ಟರೆ ಪುಡಿ ಅಂಟುತ್ತದೆ. ನಮ್ಮ ಅತ್ತೆಯವರು ಚಿಕ್ಕಂದಿನಲ್ಲಿ ಇಲ್ಲಿಯ ಹಬ್ಬಕ್ಕೆ ಬಂದವರು. ಬಾಗಿಲಿದ್ದ ಜಾಗದಲ್ಲಿ ನಿಂತು, ಗಂಟೆಯ ಸದ್ದು ಹೊಲದವರೆಗೂ ಕೇಳುತ್ತಿತ್ತು ಎಂದರು, ಆಮೇಲೆ ಬಹಳ ಹೊತ್ತು ಮಾತನಾಡಲಿಲ್ಲ.

ಅಂಥ ಗೋಡೆಯ ಮೇಲೆ ಕಲ್ಲಿನಿಂದ ಕೊರೆದ ಹೆಸರುಗಳನ್ನು ಕಂಡು ಸಂಕಟವಾಯಿತು. ಫೋಟೋಗಾಗಿ ಸಡಿಲ ಇಟ್ಟಿಗೆಯ ಮೇಲೆ ಹತ್ತುತ್ತಿದ್ದ ಹುಡುಗರನ್ನು ತಡೆಯುವವರು ಯಾರೂ ಇರಲಿಲ್ಲ, ಮುಳುಗಿದ ಊರುಗಳ ಹೆಸರನ್ನಾದರೂ ಬರೆದಿಟ್ಟ ಒಂದು ಫಲಕವೂ ನನ್ನ ಕಣ್ಣಿಗೆ ಬೀಳಲಿಲ್ಲ. ಮನೆಮಾರು ಕಳೆದುಕೊಂಡವರ ಕಥೆ ತಿಳಿಯದೆ ಬಂದವರಿಗೆ ಇದು ಬರಿಯ ಪಾಳುಗೋಡೆಯಾಗಿ ಕಾಣುವುದು ಸಹಜ. ಬೇಲಿ ಹಾಕಿ ಮುಚ್ಚುವುದಕ್ಕಿಂತ ಊರಿನವರನ್ನೇ ಕಾವಲಿಗೂ ಮಾರ್ಗದರ್ಶನಕ್ಕೂ ನೇಮಿಸಿ, ಅದಕ್ಕೊಂದು ಸಣ್ಣ ಶುಲ್ಕ ಇಟ್ಟರೆ ನಾನು ಸಂತೋಷದಿಂದ ಕೊಡುತ್ತೇನೆ.

ಶೌಚಾಲಯ, ಊಟ ಎರಡನ್ನೂ ಹಾಸನದಲ್ಲಿಯೇ ಮುಗಿಸಿ, ಕುಡಿಯುವ ನೀರು ಜೊತೆಗಿಟ್ಟುಕೊಂಡು ಹೊರಡಿ. ಬೆಳಗ್ಗೆ ಎಂಟರೊಳಗೆ ತಲುಪಿದರೆ ಜನಸಂದಣಿಯೂ ಬಿಸಿಲೂ ಕಡಿಮೆ. ಹೊರಡುವ ಮುನ್ನ ಪತ್ರಿಕೆಯಲ್ಲಿ ಹೇಮಾವತಿಯ ನೀರಿನ ಮಟ್ಟ ನೋಡಿಕೊಳ್ಳಿ: ಗರಿಷ್ಠ ಮಟ್ಟವಾದ 2,922 ಅಡಿಯ ಹತ್ತಿರವಿದ್ದರೆ ದಡದಿಂದಲೇ ನೋಡಬೇಕಾದೀತು, ಚೆನ್ನಾಗಿ ಇಳಿದಿದ್ದರೆ ಗಟ್ಟಿ ಚಪ್ಪಲಿ ಹಾಕಿಕೊಂಡು ಒಳಗೇ ನಡೆದುಹೋಗಬಹುದು.